ಮೀಸೆ ಇದ್ದದ್ದೆಲ್ಲ ಆ ಮೀನಲ್ಲ

ಮಳೆಗಾಲ ಮುಗಿಯುತ್ತ ಬಂದಿತ್ತು. ಕೆರೆ ತುಂಬಿ, ಕೋಡಿಯ ಮೇಲಿಂದ ನೀರು ಇನ್ನೂ ತೆಳ್ಳಗೆ ಜಾರುತ್ತಿತ್ತು. ಬಿಸಿಲು ಏರಿಗೆ ಬರುವ ಮೊದಲೇ ಸಂಘದ ಹೆಂಗಸರು ಬಟ್ಟೆ ಎತ್ತಿ ಕಟ್ಟಿ ನೀರಿಗಿಳಿದಿದ್ದರು. ಮಳೆಯ ನೀರಿನ ಜೊತೆ ತೇಲಿಬಂದ ಅಂತರಗಂಗೆಯನ್ನು ಬೇರುಸಮೇತ ಎಳೆದು ದಡಕ್ಕೆ ಹಾಕುವುದು, ಹಾಕಿದ್ದನ್ನು ಬುಟ್ಟಿಯಲ್ಲಿ ಹೊತ್ತು ಗುಂಡಿಗೆ ಸುರಿಯುವುದು. ಬೇಸಿಗೆಯ ಕೊನೆಯಲ್ಲಿ ಬಿಟ್ಟಿದ್ದ ಗೆಂಡೆ ಮೀನಿನ ಮರಿಗಳು ಈಗ ಅಂಗೈ ಅಗಲ ಆಗಿದ್ದವು. ಕಳೆ ಕಿತ್ತ ಜಾಗದಲ್ಲಿ ಅವು ಮೇಲೆ ಬಂದು ಬಾಯಿ ತೆರೆದು ಮುಚ್ಚುವುದು ಕಾಣುತ್ತಿತ್ತು.

ಅವರಲ್ಲಿ ಒಬ್ಬಳು, ಮೀನು ಹಿಡಿಯುವವರ ಮನೆಯ ಸೊಸೆ, ಕೋಡಿಯ ಹತ್ತಿರ ಒಬ್ಬಳೇ ಕೂತು ಜಾಲರಿ ಕಟ್ಟುತ್ತಿದ್ದಳು. ನೀರಿನ ಜೊತೆ ಮೀನು ಕೆಳಗಿನ ಹಳ್ಳಕ್ಕೆ ಜಾರಿಹೋಗಬಾರದು ಅಂತ ಆ ಜಾಲರಿ. ಕೆರೆಯನ್ನು ಸಂಘ ಒಟ್ಟಾಗಿ ನೋಡಿಕೊಳ್ಳುತ್ತಿತ್ತು. ಮರಿಗಳ ಉಸ್ತುವಾರಿ ಮಾತ್ರ ಈ ವರ್ಷ ಅವಳ ಪಾಲಿಗೆ ಬಂದಿತ್ತು. ಕೆರೆಗೆ ಏನು ಬಿಡಬೇಕು, ಏನು ಬಿಡಬಾರದು ಅಂತ ಹೇಳಬೇಕಾದವಳು ಅವಳೇ. ಹೆಚ್ಚು ಕಡಿಮೆ ಆದರೆ ಎಲ್ಲರ ಮನೆಯವರೂ ಕೇಳುವುದು ಅವಳನ್ನೇ.

ನಾಳೆ ಬೆಳಿಗ್ಗೆ ಇನ್ನೊಂದಷ್ಟು ಮರಿ ಕೆರೆಗೆ ಬೀಳಬೇಕಿತ್ತು. ಅವು ಸಂಘದ್ದಲ್ಲ, ಅವಳ ಮಾವನವು. ಹಿತ್ತಲಿನ ಸಿಮೆಂಟ್ ತೊಟ್ಟಿಯಲ್ಲಿ ಮಳೆಗಾಲದ ನಡುವಿನಿಂದ ಸಾಕಿದ ಮೀಸೆ ಮೀನುಗಳು. ಹಿಂದೆ ಈ ಕೆರೆಯಲ್ಲಿದ್ದು ಕಾಣೆಯಾದ ಹಳೇ ಮೀನೇ ಇವು ಅಂತ ಅವರ ನಂಬಿಕೆ. "ಬಿಡೋಣ ಅಲ್ವಾ?" ಅಂತ ಮಾವ ನಿನ್ನೆ ಊಟಕ್ಕೆ ಕೂತಾಗ ಕೇಳಿದ್ದರು. ಅವರು ಹಾಗೆ ಬಾಯಿಬಿಟ್ಟು ಏನನ್ನಾದರೂ ಕೇಳಿ ಬಹಳ ಕಾಲವಾಗಿತ್ತು. ಹೋದ ಚಳಿಗಾಲದಲ್ಲಿ ಅತ್ತೆ ತೀರಿಕೊಂಡ ಮೇಲೆ ಮನೆಯಲ್ಲಿ ಅವರ ದನಿಯೇ ಕಮ್ಮಿಯಾಗಿತ್ತು. ಅವಳು ಹೂಂ ಅಂದುಬಿಟ್ಟಿದ್ದಳು.

"ಇಲ್ಲಿದ್ದೀಯಾ ತಾಯಿ?"

ಏರಿಯ ಮೇಲಿಂದ ಟೈಲರಮ್ಮ ಕೂಗಿದಳು. ಪಕ್ಕದ ಮನೆಯವಳು. ಕತ್ತಿನಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು, ಹೊಲಿಗೆ ಬಿಟ್ಟು ಎದ್ದುಬಂದಿದ್ದಳು.

"ಬಾ, ಬಂದು ನಿಮ್ಮ ಮಾವನಿಗೆ ಒಂದು ಮಾತು ಹೇಳು. ನನ್ನ ಬೆಕ್ಕನ್ನ ಕೋಲು ಹಿಡಿದು ಅಟ್ಟಿಸ್ಕೊಂಡು ಬಂದಿದ್ದಾರೆ. ಕಳ್ಳಿ ಅಂತೆ! ಅದು ಎದ್ದು ನಡೆಯೋದೇ ದಿನಕ್ಕೊಂದು ಸಲ. ಅದೂ ಬಿಸಿಲು ಸರಿದ್ರೆ, ಬಿಸಿಲಿನ ಹಿಂದೆ."

"ಏನಾಯ್ತು ಅಕ್ಕ?"

"ತೊಟ್ಟೀಲಿ ಸಣ್ಣ ಮೀನು ದಿನಾ ಕಮ್ಮಿ ಆಗ್ತಿದಾವಂತೆ. ನನ್ನ ಬೆಕ್ಕು ತಿಂತಂತೆ. ನೋಡು, ನಾನು ಜಗಳಕ್ಕೆ ಬಂದಿಲ್ಲ. ಆದ್ರೆ ಜಗಳ ಆಗೋ ಹಾಗಿದೆ."

ಸೊಸೆ ತಂತಿಯ ಕೊನೆ ತಿರುಚಿ, ಕೈ ತೊಳೆದು ಎದ್ದಳು.

*

ಹಿತ್ತಲಲ್ಲಿ ಮಾವ ತೊಟ್ಟಿಯ ಪಕ್ಕ ಕಾವಲು ಕೂತಿದ್ದರು. ತೊಡೆಯ ಮೇಲೆ ಕೋಲು. ತೊಟ್ಟಿಯ ಬಾಯಿಗೆ ಮೊದಲಿಂದಲೂ ಹಳೇ ಬೀಸುಬಲೆಯ ತುಂಡು ಹೊದಿಸಿ, ಮೂಲೆ ಮೂಲೆಗೂ ಕಲ್ಲು ಹೇರಿದ್ದರು. ಟೈಲರಮ್ಮನ ಬೆಕ್ಕು ಎದುರಿನ ಗೋಡೆಯ ಮೇಲೆ ಕಾಲು ಮಡಚಿ ಕಣ್ಣು ಮುಚ್ಚಿ ಮಲಗಿತ್ತು.

"ನೋಡು, ಹೇಗೆ ಕೂತಿದೆ! ತಿಂದು ತೇಗಿ ಮಲಗಿದೆ," ಅಂದರು ಮಾವ. "ಕೆರೆಯಿಂದ ಸಣ್ಣ ಮೀನು ಹಿಡಿದು ತಂದು ಇವುಗಳ ಜೊತೆಗೆ ಬಿಟ್ಟಿದ್ದೆ, ಒಂಟಿ ಅನ್ನಿಸಬಾರದು ಅಂತ. ಮೊನ್ನೆ ಬೊಗಸೆ ತುಂಬ ಇದ್ದವು. ಇವತ್ತು ಒಂದೂ ಇಲ್ಲ."

"ಅದಕ್ಕೆ ನನ್ನ ಬೆಕ್ಕಾ?"

"ಬೆಕ್ಕಲ್ದೆ ಇನ್ಯಾರು? ಮೀನು ಎದ್ದು ನಡ್ಕೊಂಡು ಹೋಯ್ತಾ?"

"ಕಲ್ಲು ಸರಿಸಿ, ಬಲೆ ಎತ್ತಿ, ಮೀನು ತಿಂದು, ಮತ್ತೆ ಬಲೆ ಹೊದಿಸಿ, ಮೂಲೆಗೆ ಕಲ್ಲಿಟ್ಟು ಹೋಗುತ್ತಾ ನನ್ನ ಬೆಕ್ಕು? ಅಷ್ಟು ಬುದ್ಧಿ ಇದ್ದಿದ್ರೆ ನಾನು ಅದನ್ನ ಗುಂಡಿ ಹೊಲಿಯೋಕೆ ಕೂರಿಸ್ತಿದ್ದೆ!"

ಸೊಸೆಗೆ ನಗು ಬಂತು. ಆದರೆ ಬಲೆಯ ಸುತ್ತ ಕೈಯಾಡಿಸುತ್ತ ಹೋದ ಹಾಗೆ ನಗು ನಿಂತಿತು. ಬಲೆ ಎಲ್ಲೂ ಹರಿದಿರಲಿಲ್ಲ. ಒಂದು ಕಣ್ಣೂ ಸಡಿಲವಾಗಿರಲಿಲ್ಲ. ಕಲ್ಲುಗಳು ಮಾವ ಹೇರಿದ ಜಾಗದಲ್ಲೇ ಇದ್ದವು, ಒಂದೂ ಕದಲಿರಲಿಲ್ಲ.

ತೊಟ್ಟಿಯೊಳಗೆ ಮೀಸೆ ಮೀನುಗಳು ತಳದಲ್ಲಿ ಒಂದರ ಮೇಲೊಂದು ಹೊರಳುತ್ತಿದ್ದವು. ತಂದಾಗ ಬೆರಳಿನಷ್ಟಿದ್ದವು ಈಗ ಗೇಣು ದಾಟಿದ್ದವು. ಸಂಘದ ಗೆಂಡೆ ಮರಿಗಳಿಗಿಂತ ಆಮೇಲೆ ಬಂದವು ಇವು. ಗೆಂಡೆಗಳು ಇನ್ನೂ ಇದರ ಅರ್ಧಕ್ಕೂ ಬಂದಿರಲಿಲ್ಲ.

"ಮಾವ, ಇವು ಇಷ್ಟು ಬೇಗ ಬೆಳೆಯುತ್ತಿದ್ವಾ? ಹಿಂದೆ?"

"ನಾನು ಚೆನ್ನಾಗಿ ನೋಡ್ಕೊಂಡಿದ್ದೀನಿ, ಬೆಳೆದಿದಾವೆ," ಅಂದರು ಮಾವ. ದನಿ ಸ್ವಲ್ಪ ಗಡುಸಾಗಿತ್ತು. "ಇದು ಅದೇ ಮೀನು. ಮೊಪೆಡ್‌ನವನು ವಿಜ್ಞಾನದ ಹೆಸರನ್ನೇ ಹೇಳಿ ಕೊಟ್ಟಿದಾನೆ. ಸಿಲೂರಿಫಾರ್ಮಿಸ್."

"ಅದೇನು, ಕೆಮ್ಮಿನ ಔಷಧಿನಾ?" ಅಂದಳು ಟೈಲರಮ್ಮ.

"ಮೀಸೆ ಮೀನಿನ ಹೆಸರು ಕಣಮ್ಮ. ಪುಸ್ತಕದಲ್ಲಿ ಇರೋದು."

ಮರಿ ಮಾರುವವನು ಮೊಪೆಡ್‌ಗೆ ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲಗಳನ್ನು ಕಟ್ಟಿಕೊಂಡು ಮಳೆಗಾಲದ ನಡುವೆ ಬಂದಿದ್ದ. 'ಹಳೇ ಮೀಸೆ ಮೀನು ಇದೆಯಾ?' ಅಂತ ಮಾವ ಕೇಳಿದ್ದರು. 'ಮೀಸೆ ಮೀನೆಲ್ಲ ಒಂದೇ ಅಜ್ಜ, ಸಿಲೂರಿಫಾರ್ಮಿಸ್, ವಿಜ್ಞಾನದವರೇ ಹೇಳಿದಾರೆ,' ಅಂದಿದ್ದ. ಮಾವ ಆ ಹೆಸರನ್ನು ಬಾಯಿಪಾಠ ಮಾಡಿಕೊಂಡಿದ್ದರು. ತೊಟ್ಟಿಯ ಹತ್ತಿರ ಒಬ್ಬರೇ ಕೂತಾಗಲೂ ಒಂದೊಂದು ಸಲ ಮೆಲ್ಲಗೆ ಹೇಳಿಕೊಳ್ಳುತ್ತಿದ್ದರು. ಕಳೆದುಹೋದವರ ಹೆಸರನ್ನು ಮತ್ತೆ ಮತ್ತೆ ಹೇಳಿಕೊಳ್ಳುವ ಹಾಗೆ.

ಸೊಸೆ ಅದನ್ನು ಕೇಳಿಸಿಕೊಂಡಿದ್ದಳು. ಅದಕ್ಕೇ ಈಗ ಬಾಯಿ ಬಿಡಲು ಅವಳಿಗೆ ಮನಸ್ಸಾಗಲಿಲ್ಲ. ಆದರೆ ಬಲೆ ಹರಿದಿಲ್ಲ ಅನ್ನುವುದನ್ನು ಕಣ್ಣು ಕಂಡಾಗಿತ್ತು. ಕೆರೆಯ ನೀರು ನೋಡಲು ಮೀನುಗಾರಿಕೆ ಇಲಾಖೆಯಿಂದ ಮೇಡಂ ಮಧ್ಯಾಹ್ನ ಬರುವವರಿದ್ದರು. ಅವರನ್ನು ಒಂದು ಗಳಿಗೆ ಮನೆಗೆ ಕರೆದುಕೊಂಡು ಬಂದರೆ ತಪ್ಪೇನಿಲ್ಲ ಅಂತ ಅವಳು ಅಂದುಕೊಂಡಳು.

*

ಮೇಡಂ ಬಂದಾಗ ಬಿಸಿಲು ನೆತ್ತಿಯಿಂದ ಇಳಿದಿತ್ತು. ಕಾಲಿಗೆ ಕೆಸರು ಮೆತ್ತಿತ್ತು, ಹೆಗಲಲ್ಲಿ ಚೀಲ. ಟೈಲರಮ್ಮನೂ ಬೆಕ್ಕನ್ನು ಕಂಕುಳಲ್ಲಿಟ್ಟುಕೊಂಡು ಹಿಂದೆಯೇ ಬಂದಳು. ತೀರ್ಪು ಕೇಳದೆ ಹೋಗುವ ಮನಸ್ಸು ಅವಳಿಗಿರಲಿಲ್ಲ.

ಮಾವ ಏಳಲಿಲ್ಲ. "ಏನು ಮೇಡಂ, ಸೊಸೆ ದೂರು ಕೊಟ್ಟಳಾ?"

"ದೂರಲ್ಲ ಅಜ್ಜ. ಮೀನು ತೋರಿಸ್ತೀನಿ ಬನ್ನಿ ಅಂದ್ರು, ಬಂದೆ."

"ನಾನು ಹುಟ್ಟಿದಾಗಿನಿಂದ ಮೀನು ನೋಡ್ತಿದ್ದೀನಿ. ನಿಮ್ಮ ಅಪ್ಪ ಹುಟ್ಟಿರಲಿಲ್ಲ ಆಗ."

"ಅದಕ್ಕೇ ನಿಮ್ಮನ್ನೇ ಕೇಳ್ತೀನಿ," ಅಂತ ಮೇಡಂ ಒಗೆಯುವ ಕಲ್ಲಿನ ಮೇಲೆ ಕೂತಳು. "ಇದು ಹಳೇ ಮೀನೇ ಅಂತ ಹೇಗೆ ಗೊತ್ತಾಯ್ತು ನಿಮಗೆ?"

ಯಾರೂ ಮಾವನನ್ನು ಹಾಗೆ ಕೇಳಿರಲಿಲ್ಲ. ಅವರು ಕೋಲನ್ನು ಕೆಳಗಿಟ್ಟರು.

"ಮೀಸೆ ನೋಡಿದೆ. ಮೈ ನೋಡಿದೆ, ಹುರುಪೆ ಇಲ್ಲ, ನುಣ್ಣಗೆ. ಆಮೇಲೆ ಕಿವಿಗೊಟ್ಟೆ. ಸಂಜೆ ಹೊತ್ತು ಮೇಲೆ ಬಂದು ಗಾಳಿ ಕುಡಿಯುತ್ತೆ, ಬುಳುಕ್ ಅನ್ನುತ್ತೆ. ಆ ಸದ್ದು ಕೇಳಿ ಎಷ್ಟು ಕಾಲ ಆಗಿತ್ತು! ಆದ್ರೂ ನಂಬಲಿಲ್ಲ ನಾನು. ಕೈ ಇಳಿಬಿಟ್ಟು ಹಿಡ್ಕೊಂಡೆ. ರೆಕ್ಕೆ ಮುಳ್ಳು ಚುಚ್ಚಿಸ್ಕೊಂಡೆ."

"ಬೇಕೂಂತ?" ಅಂದಳು ಟೈಲರಮ್ಮ.

"ಬೇಕೂಂತಲೇ. ಅದೇ ಉರಿ. ಮೊಣಕೈವರೆಗೂ ಹತ್ತಿತು." ಮಾವ ತಮ್ಮ ಹೆಬ್ಬೆರಳಿನ ಬುಡ ಸವರಿಕೊಂಡರು. "ಹಿಂದೆ ಹೀಗೆ ಚುಚ್ಚಿದ್ರೆ ನಮ್ಮ ಮನೆಯವಳು ಬೈತಾ ಬೈತಾ ನೀರು ಬಿಸಿ ಮಾಡ್ತಿದ್ದಳು. ಬಿಸಿನೀರಲ್ಲಿ ನನ್ನ ಕೈ ಅದ್ದಿ, ಉರಿ ಇಳಿಯೋವರೆಗೂ ಬಿಡ್ತಿರಲಿಲ್ಲ. ಅವಳು ಮೀನನ್ನ ಕಾಲಲ್ಲೇ ಹುಡುಕೋಳು ಮೇಡಂ. ಕೆರೆ ಇಂಗಿ ಕೆಸರಾದಾಗ ಮೆಲ್ಲಗೆ ಹೆಜ್ಜೆ ಇಟ್ಕೊಂಡು ಹೋಗೋಳು. ಇದ್ದಕ್ಕಿದ್ದ ಹಾಗೆ ನಿಲ್ಲೋಳು. ಇಲ್ಲಿದೆ ಅನ್ನೋಳು. ಬಗ್ಗಿದ್ರೆ ಇರ್ತಿತ್ತು."

ತೊಟ್ಟಿಯಲ್ಲಿ ಒಂದು ಮೀನು ಮೇಲೆ ಬಂದು ಗಾಳಿ ಕುಡಿದು ಇಳಿಯಿತು.

"ಅಜ್ಜ, ನಿಮ್ಮ ಕಣ್ಣು, ಕಿವಿ, ಕೈ ಯಾವುದೂ ಸುಳ್ಳು ಹೇಳಿಲ್ಲ," ಅಂದಳು ಮೇಡಂ. "ಮೀಸೆ ಇದೆ, ಮೈ ನುಣುಪಿದೆ, ಮುಳ್ಳಿದೆ, ಗಾಳಿ ಕುಡಿಯುತ್ತೆ. ಆದ್ರೆ ಇಷ್ಟೂ ಗುಣ ಇದರ ನೆಂಟರಿಗೂ ಇರುತ್ತೆ. ಮಾರಿದವನು ಏನಂದ?"

"ಸಿಲೂರಿಫಾರ್ಮಿಸ್."

"ಹೆಸರು ಸರಿಯಾಗೇ ಹೇಳಿದಾನೆ. ಆದ್ರೆ ಅದು ಒಂದು ಮೀನಿನ ಹೆಸರಲ್ಲ. ದೊಡ್ಡ ಗುಂಪಿನ ಹೆಸರು, ಓದಿದವರು ಗಣ ಅಂತಾರೆ. ಪ್ರಪಂಚದಲ್ಲಿರೋ ಮೀಸೆ ಮೀನೆಲ್ಲ ಆ ಗಣದೊಳಗೇ ಬರುತ್ತೆ. ಮೂರು ಸಾವಿರಕ್ಕೂ ಹೆಚ್ಚು ಬಗೆ. ಕಿರುಬೆರಳಿನಷ್ಟು ಇರೋವೂ ಇವೆ, ಮನುಷ್ಯನಿಗಿಂತ ಉದ್ದ ಬೆಳೆಯೋವೂ ಇವೆ. ಎಲ್ಲವೂ ಸಿಲೂರಿಫಾರ್ಮಿಸ್."

"ಅಂದ್ರೆ ಬಟ್ಟೆ ಅಂದ ಹಾಗೆ," ಅಂದಳು ಟೈಲರಮ್ಮ. "ಬಟ್ಟೆ ಕೊಡಿ ಅಂದ್ರೆ ಅಂಗಡಿಯವನು ಗೋಣಿನೂ ಕೊಡಬಹುದು."

"ಹಾಗೇ ಅಕ್ಕ. ಇನ್ನೊಂದು ಹೇಳ್ತೀನಿ. ನಿಮ್ಮ ಕಂಕುಳಲ್ಲಿರೋ ಬೆಕ್ಕು, ಕಾಡಲ್ಲಿರೋ ಹುಲಿ, ವಿಜ್ಞಾನದ ಲೆಕ್ಕದಲ್ಲಿ ಒಂದೇ ಕುಟುಂಬ. ಹಾಗಂತ ಹುಲಿಮರಿನ ಬೆಕ್ಕಿನಮರಿ ಅಂತ ತಂದುಕೊಟ್ರೆ ಸಾಕ್ತೀರಾ?"

ಟೈಲರಮ್ಮ ಬೆಕ್ಕಿನ ಮುಖ ನೋಡಿದಳು. "ಇದಕ್ಕೆ ಆ ಕುಟುಂಬದವರು ವಿಷಯ ತಿಳಿಸಿಲ್ಲ ಅನ್ಸುತ್ತೆ," ಅಂದಳು.

ಮಾವ ನಗಲಿಲ್ಲ. "ಹಾಗಾದ್ರೆ ಇದು ಯಾವುದು?"

ಮೇಡಂ ತೋಳು ಮಡಚಿ, ಒದ್ದೆ ಬಟ್ಟೆ ಕೈಗೆ ಸುತ್ತಿಕೊಂಡು, ಒಂದು ಮೀನನ್ನು ತಲೆಯ ಹಿಂದೆ ಗಟ್ಟಿಯಾಗಿ ಹಿಡಿದು ಎತ್ತಿದಳು. "ನಿಮ್ಮ ಹಳೇ ಮೀನಿನ ತಲೆ ನೆನಪಿದೆಯಾ ಅಜ್ಜ? ತಲೆಬುರುಡೆ ಮುಗಿದು ಬೆನ್ನು ಶುರುವಾಗೋ ಕಡೆ ಹೇಗಿರುತ್ತಿತ್ತು?"

"ದುಂಡಗೆ. ಚಮಚದ ತುದಿ ಇದ್ದ ಹಾಗೆ. ಅಲ್ಲೇ ಹೆಬ್ಬೆರಳು ಒತ್ತಿ ಹಿಡಿಯೋದು, ಜಾರಲ್ಲ."

"ಇದರಲ್ಲಿ ಒತ್ತಿ ನೋಡಿ."

ಮಾವನ ಕಣ್ಣಿಗೆ ಹತ್ತಿರದ್ದು ಈಗ ಅಷ್ಟು ಕಾಣುತ್ತಿರಲಿಲ್ಲ. ಅವರು ಹೆಬ್ಬೆರಳನ್ನು ಮೀನಿನ ತಲೆಯ ಮೇಲಿಟ್ಟು ಹಿಂದಕ್ಕೆ ಸರಿಸಿದರು. ಬುರುಡೆಯ ಅಂಚಿಗೆ ಬಂದು ಬೆರಳು ನಿಂತಿತು. ಮತ್ತೆ ಮುಂದಕ್ಕೆ ಹೋಗಿ ಮತ್ತೆ ಬಂತು. ಅಂಚು ದುಂಡಗಿರಲಿಲ್ಲ. ಏರಿ ಇಳಿದು, ಗರಗಸದ ಹಲ್ಲಿನ ಹಾಗೆ ಚೂಪಾಗಿತ್ತು.

ಹೆಬ್ಬೆರಳನ್ನು ಅವರು ಅಲ್ಲಿಂದ ತೆಗೆಯಲಿಲ್ಲ.

"ಒಂದೊಂದು ಬಗೆಗೂ ಎರಡು ಪದದ ಹೆಸರಿರುತ್ತೆ," ಅಂದಳು ಮೇಡಂ ಮೆಲ್ಲಗೆ. "ನೀವು ಹೇಳೋ ದುಂಡು ತಲೆಯದ್ದು ಕ್ಲಾರಿಯಸ್ ಬಟ್ರಾಕಸ್. ಇದು ಕ್ಲಾರಿಯಸ್ ಗ್ಯಾರಿಪೈನಸ್. ಮೊದಲನೇ ಪದ ಒಂದೇ, ಅದಕ್ಕೇ ಇಷ್ಟು ಹೋಲಿಕೆ. ಎರಡನೇ ಪದ ಬೇರೆ. ಇದು ದೂರದ ಖಂಡದ ಮೀನು. ಅಲ್ಲಿ ಅದರ ನೀರಲ್ಲಿ ಅದು ಒಳ್ಳೇದೇ. ಇಲ್ಲಿಗೆ ಬಂದ್ರೆ ತಡೆಯೋರಿಲ್ಲ. ಸಿಕ್ಕಿದ್ದೆಲ್ಲ ತಿನ್ನುತ್ತೆ, ಬೇಗ ಬೆಳೆಯುತ್ತೆ, ಆಳೆತ್ತರ ಆಗಬಲ್ಲದು. ಎಷ್ಟೋ ಕಡೆ ಇದನ್ನ ಸಾಕೋದನ್ನೇ ನಿಷೇಧ ಮಾಡಿದಾರೆ."

"ತಿನ್ನುತ್ತೆ ಅಂದ್ರಿ," ಅಂದಳು ಸೊಸೆ. ಅವಳು ತೊಟ್ಟಿಯನ್ನೇ ನೋಡುತ್ತಿದ್ದಳು.

ಮಾವ ಮೇಡಂ ಕೈಯಿಂದ ಮೀನನ್ನು ತಾವೇ ತೆಗೆದುಕೊಂಡರು. ಕಲ್ಲಿನ ಮೇಲಿಟ್ಟು ಕೋಲಿನಿಂದ ತಲೆಗೆ ಒಂದೇ ಏಟು ಹಾಕಿ, ಸೊಂಟದ ಚೂರಿ ತೆಗೆದು ಹೊಟ್ಟೆ ಸೀಳಿದರು. ಜೀವಮಾನವೆಲ್ಲ ಮಾಡಿದ ಕೆಲಸ. ಒಳಗಿಂದ ಒಂದರ ಹಿಂದೊಂದು ಕೆರೆಯ ಸಣ್ಣ ಮೀನುಗಳು ಜಾರಿಬಂದವು. ಕೊನೆಯದು ಹುರುಪೆ ಸಹಿತ ಹಾಗೇ ಇತ್ತು.

ಟೈಲರಮ್ಮ ಬೆಕ್ಕನ್ನು ಎತ್ತಿ ಹಿಡಿದಳು. "ನೋಡ್ಕೊಳ್ಳಿ! ಈಗ ಇದರ ಕಾಲಿಗೆ ಬೀಳ್ತೀರೋ, ಕ್ಷಮೆ ಕೇಳ್ತೀರೋ?"

"ಬೆಕ್ಕಿಗೇ ಈ ಮೀನು ಕೊಟ್ಟುಬಿಡಮ್ಮ," ಅಂದರು ಮಾವ. "ನನ್ನ ಕಡೆಯಿಂದ ದಂಡ ಅಂತ ಹೇಳು."

ಆದರೆ ಅವರು ಮಿಕ್ಕ ಮೀನುಗಳ ಕಡೆ ತಿರುಗಲಿಲ್ಲ. ಬಲೆಯನ್ನು ಮತ್ತೆ ತೊಟ್ಟಿಯ ಮೇಲೆ ಎಳೆದು, ಮೂಲೆಗೆ ಕಲ್ಲಿಟ್ಟು ಕೂತರು.

"ಇರಲಿ ಮೇಡಂ. ಬೇರೆ ಮೀನೇ ಇರಲಿ. ಕೆರೆ ದೊಡ್ಡದು. ಒಂದು ಮೂಲೇಲಿ ಇದ್ಕೊಂಡು ಹೋಗಲಿ."

"ಮಾವ," ಅಂದಳು ಸೊಸೆ. "ಕೆರೇಲಿ ಎಲ್ಲರ ಗೆಂಡೆ ಇದೆ."

"ಗೊತ್ತು."

"ಇವತ್ತು ಬಿಟ್ರೆ ನಾಳೆ ವಾಪಸ್ ಹಿಡಿಯೋಕೆ ಆಗುತ್ತಾ? ಕೋಡಿಗೆ ನಾನು ಕಟ್ಟಿರೋ ಜಾಲರಿ ತಡೆಯುತ್ತಾ ಇವನ್ನ?"

"ತಡೆಯಲ್ಲ," ಅಂದಳು ಮೇಡಂ. "ಗಾಳಿ ಕುಡಿಯೋ ಮೀನು. ಒದ್ದೆ ನೆಲದ ಮೇಲೂ ತೆವಳಿ ಹೋಗುತ್ತೆ. ಮರಿ ಹಾಕಿದ್ರೆ ಕೆಳಗಿನ ಹಳ್ಳ, ಅದರ ಕೆಳಗಿನ ಕೆರೆ, ಎಲ್ಲಾ ಕಡೆ ಆಗುತ್ತೆ. ಆಮೇಲೆ ಯಾವ ಸರ್ಕಾರ ಬಂದ್ರೂ ತೆಗೆಯೋಕಾಗಲ್ಲ."

ಸೊಸೆ ಅವರ ಹತ್ತಿರ ಕುಕ್ಕರಗಾಲಲ್ಲಿ ಕೂತಳು.

"ಯಾಕೆ ಮಾವ ಇಷ್ಟು ಹಟ? ಮೀನಿಗೇನು ಬರ ಬಂದಿದೆಯಾ ನಮಗೆ? ದಿನಾ ಗೆಂಡೆ ಬೇಯಿಸಿ ಬಡಿಸಿಲ್ವಾ ನಾನು?"

"ನನಗಲ್ಲಮ್ಮ," ಅಂದರು ಮಾವ.

ಆಮೇಲೆ ತಾವೇ ಹೇಳತೊಡಗಿದರು. ಯಾರ ಮುಖವನ್ನೂ ನೋಡದೆ, ಬಲೆಯ ಒಂದು ಗಂಟನ್ನು ಬೆರಳಲ್ಲಿ ತಿರುಗಿಸುತ್ತ.

"ನಿಮ್ಮತ್ತೆ ಕೊನೇ ಸಲ ಮಲಗಿದಾಗ ಕೇಳಿದ್ದಳು. ಬಾಯಿ ಕಹಿಯಾಗಿದೆ, ಆ ಮೀಸೆ ಮೀನಿನ ತಿಳಿಸಾರು ಒಂದು ಬಟ್ಟಲು ಸಿಕ್ಕಿದ್ರೆ ಚೆನ್ನಾಗಿತ್ತು ಅಂತ. ತರ್ತೀನಿ ಅಂದೆ. ಕೆರೆ ಹುಡುಕಿದೆ, ಹಳ್ಳ ಹುಡುಕಿದೆ, ಜೌಗು ಹುಡುಕಿದೆ. ಸಂತೇಲೂ ಕೇಳಿದೆ. ಸಿಗಲಿಲ್ಲ. ದಿನಾ ಸಂಜೆ ಬರಿಗೈಲಿ ಬಂದು ಬಾಗಿಲಲ್ಲಿ ನಿಲ್ತಿದ್ದೆ. ಅವಸರ ಏನಿಲ್ಲ ಬಿಡಿ, ಸಿಕ್ಕಿದಾಗ ತಂದರಾಯ್ತು ಅನ್ನೋಳು. ಹಾಗಂತಾನೇ ಹೋದಳು."

ಸೊಸೆಗೆ ಇದು ಗೊತ್ತಿರಲಿಲ್ಲ. ಆ ದಿನಗಳಲ್ಲಿ ಮಾವ ಕೆಸರು ಕಾಲಲ್ಲಿ ಬರುವುದನ್ನು ಕಂಡು, 'ಮನೇಲಿ ಕಾಯಿಲೆಯವರಿದ್ರೂ ಈ ಮುದುಕರಿಗೆ ಕೆರೆ ಬಿಡಲ್ಲ' ಅಂತ ಅವಳು ಗಂಡನ ಹತ್ತಿರ ಗೊಣಗಿದ್ದಳು.

"ಅವಳು ಇಲ್ಲ. ಕುಡಿಯೋರೂ ಇಲ್ಲ," ಅಂದರು ಮಾವ. "ಆದ್ರೂ ಆ ಮೀನು ಕೆರೇಲಿ ಇರಲಿ ಅನ್ನಿಸ್ತು. ಸಂಜೆ ಏರಿ ಮೇಲೆ ಕೂತ್ರೆ ಆ ಸದ್ದು ಕೇಳಲಿ ಅಂತ. ಅಷ್ಟೇ."

ಮೇಡಂ ಒದ್ದೆ ಬಟ್ಟೆಯನ್ನು ಹಿಂಡಿ, ಮಡಚಿ, ಮತ್ತೆ ಬಿಚ್ಚಿದಳು. ಅವಳ ಹತ್ತಿರ ಇನ್ನೂ ಒಂದು ಮಾತಿತ್ತು, ಹೇಳುವುದು ಕಷ್ಟವಾಗಿತ್ತು.

"ಅಜ್ಜ, ನಿಮ್ಮ ಹಳೇ ಮೀನು ಪೂರ್ತಿ ಹೋಗಿದೆ ಅಂತ ನಾನು ಹೇಳಲ್ಲ. ಅದು ಕೆಸರಲ್ಲಿ ಹುದುಗಿ ಇರೋ ಮೀನು. ಕೋಡಿ ಕೆಳಗಿನ ಜೌಗಿನಲ್ಲಿ ನಾಲ್ಕಾರು ಉಳಿದಿದ್ರೂ ಉಳಿದಿರಬಹುದು. ಆದ್ರೆ ಇವನ್ನ ಬಿಟ್ರೆ ಮೊದಲು ಮುಗಿಯೋದು ಅವೇ. ಅದೇ ಕೆಸರು, ಅದೇ ಮೇವು, ಅದೇ ಬಿಲ ಬೇಕು ಇದಕ್ಕೂ. ಅವುಗಳ ಮರಿನೂ ಇದಕ್ಕೆ ಮೇವೇ. ನೀವು ಹುಡುಕ್ತಿರೋ ಮೀನನ್ನ ನಿಮ್ಮ ಕೈಯಾರೆ ಮುಗಿಸಿದ ಹಾಗಾಗುತ್ತೆ."

ಮಾವನ ಬೆರಳು ಬಲೆಯ ಗಂಟಿನ ಮೇಲೆ ನಿಂತಿತು.

"ಉಳಿದಿರಬಹುದಾ?"

"ಇರಬಹುದು ಅಂದೆ. ಇದೆ ಅಂತ ಮಾತು ಕೊಡಲ್ಲ."

ಅವರು ಗೋಡೆ ಹಿಡಿದು ಎದ್ದರು. ಒಂದೊಂದಾಗಿ ಮೂಲೆಯ ಕಲ್ಲುಗಳನ್ನು ತೆಗೆದು ಪಕ್ಕಕ್ಕಿಟ್ಟರು. ಬಲೆ ಮಡಚಿದರು.

"ಬಕೆಟ್ ತಾಮ್ಮ," ಅಂದರು ಸೊಸೆಗೆ.

*

ಆ ಕೆಲಸವನ್ನು ಮಾವ ಬೇರೆ ಯಾರಿಗೂ ಬಿಡಲಿಲ್ಲ. ನೀರಿನಿಂದ ತೆಗೆದಿಟ್ಟರೂ ಬೇಗ ಸಾಯದ ಮೀನು ಅದು. ನರಳಿಸಬಾರದು ಅಂತ ಒಂದೊಂದಕ್ಕೂ ಒಂದೇ ಏಟು. ತೊಟ್ಟಿಯ ನೀರನ್ನು ಚರಂಡಿಗೆ ಬಿಡಲು ಸೊಸೆ ಹೊರಟಾಗ ಮೇಡಂ ತಡೆದಳು. ಸಣ್ಣ ಮರಿ ಒಂದು ಉಳಿದಿದ್ದರೂ ಚರಂಡಿಯಿಂದ ಹಳ್ಳ ಸೇರುತ್ತೆ, ಬಟ್ಟೆಯಲ್ಲಿ ಸೋಸಿ ಒಣನೆಲಕ್ಕೆ ಚೆಲ್ಲಿ ಅಂದಳು. ಟೈಲರಮ್ಮ ಅಂಗಡಿಯಿಂದ ತೆಳು ಬಟ್ಟೆ ತಂದಳು. ಇಬ್ಬರೂ ಎರಡು ತುದಿ ಹಿಡಿದು ಕೊನೆಯ ಚೊಂಬಿನವರೆಗೂ ಸೋಸಿದರು.

"ಇಷ್ಟೊಂದು ಮೀನು ಮಣ್ಣಿಗೆ ಹಾಕ್ತೀರಾ? ಸಾರು ಮಾಡಬಾರದಾ?" ಅಂತ ಟೈಲರಮ್ಮ ಕೇಳಿದಳು.

"ಸತ್ತಿದ್ದರಿಂದ ಕೆರೆಗೆ ತೊಂದರೆ ಇಲ್ಲ ಅಕ್ಕ. ಜೀವ ಇರೋದು ನೀರಿಗೆ ಬೀಳಬಾರದು, ಅಷ್ಟೇ."

"ನಮ್ಮ ಮನೇಲಿ ಬೇಡ," ಅಂದರು ಮಾವ. ಹಿತ್ತಲಿನ ಒಣ ಮೂಲೆಯಲ್ಲಿ ಆಳವಾಗಿ ಗುಂಡಿ ತೆಗೆದು ಮುಚ್ಚಿದರು.

ಸಂಜೆ ಟ್ರಾಕ್ಟರ್ ಕೆಲಸ ಮುಗಿಸಿ ಸೊಸೆಯ ಗಂಡ ಬಂದ. ವಿಷಯ ಕೇಳಿ ರೇಗಿದ. "ಆ ಮೊಪೆಡ್‌ನವನು ಬರಲಿ, ಚಕ್ರ ಬಿಚ್ಚಿ ಕೈಗೆ ಕೊಡ್ತೀನಿ."

"ಚಕ್ರ ಬಿಚ್ಚೋದು ಬೇಡ," ಅಂದಳು ಹೆಂಡತಿ. "ಯಾವ ಮೀನು, ಎರಡು ಪದದ ಹೆಸರು ಹೇಳು ಅಂತ ಕೇಳು. ಹೇಳಿದ್ರೆ ಇಲಾಖೆಗೆ ತೋರಿಸಿ ತಗೋಳೋಣ. ಹೇಳದಿದ್ರೆ ಊರಿಗೇ ಹೇಳೋಣ, ಯಾರೂ ತಗೋಬೇಡಿ ಅಂತ."

ಮರುದಿನ ಅವಳು ಕೆರೆಯ ಏರಿಯ ಮೇಲೆ ಸಂಘದವರಿಗೆಲ್ಲ ಅದನ್ನೇ ಹೇಳಿದಳು. ತಾನು ವಿಚಾರಿಸದೆ ಹೂಂ ಅಂದಿದ್ದನ್ನೂ ಮುಚ್ಚಿಡಲಿಲ್ಲ. ಕೇಳುತ್ತಿದ್ದವರಲ್ಲಿ ಒಬ್ಬಳ ಮುಖ ಬಾಡಿತು. ಅವಳ ಮೈದುನನೂ ಅದೇ ಮೊಪೆಡ್‌ನವನಿಂದ ಮರಿ ಕೊಂಡು ಹೊಲದ ಹೊಂಡಕ್ಕೆ ಬಿಟ್ಟಿದ್ದ. ಹೊಂಡ ಇನ್ನೂ ತುಂಬಿ ಹರಿದಿರಲಿಲ್ಲ. ಅಂತರಗಂಗೆಯ ಬುಟ್ಟಿಗಳನ್ನು ಅಲ್ಲೇ ಇಳಿಸಿ, ಎಲ್ಲರೂ ಬಲೆ ತೆಗೆದುಕೊಂಡು ಆ ಹೊಂಡದ ಕಡೆ ನಡೆದರು. ಮಾವನೇ ಮುಂದೆ. ಸಿಕ್ಕ ಪ್ರತಿ ಮೀನಿನ ತಲೆಯ ಹಿಂದೆ ಅವರು ಹೆಬ್ಬೆರಳಿಟ್ಟು ನೋಡಿದರು. ಒಂದಾದರೂ ದುಂಡಗಿರಬಹುದೇ ಅಂತ. ಒಂದೂ ಇರಲಿಲ್ಲ.

ಕೋಡಿಯ ಕೆಳಗಿನ ಜೌಗನ್ನು ಈ ವರ್ಷ ಕೆರೆದು ಸಮ ಮಾಡಬೇಕು ಅಂತ ಸಂಘ ಮೊದಲು ಮಾತಾಡಿಕೊಂಡಿತ್ತು. ಈಗ ಅದನ್ನು ಕೈಬಿಟ್ಟರು. ಹುಲ್ಲು, ಕೆಸರು ಹೇಗಿದೆಯೋ ಹಾಗೇ ಇರಲಿ ಅಂದರು. ಅಲ್ಲಿ ಯಾರೂ ಬಲೆ ಬೀಸುವ ಹಾಗಿಲ್ಲ. ಹಳೆಯ ಮೀನಿನ ಮರಿ ಎಲ್ಲಾದರೂ ಸಿಗುತ್ತದೆಯೇ ಅಂತ ಮೇಡಂ ಮೀನು ಬಿತ್ತನೆ ಕೇಂದ್ರಗಳಲ್ಲಿ ವಿಚಾರಿಸುತ್ತಿದ್ದಾಳೆ. ಇನ್ನೂ ಉತ್ತರ ಬಂದಿಲ್ಲ.

ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಊರಿಗೂ ಚೀಲದಲ್ಲಿ ಮರಿ ತುಂಬಿಕೊಂಡು ಯಾರಾದರೂ ಬರುತ್ತಾರೆ. ಮೀಸೆ ತೋರಿಸುತ್ತಾರೆ, ದೊಡ್ಡ ಹೆಸರು ಹೇಳುತ್ತಾರೆ. ಸಿಲೂರಿಫಾರ್ಮಿಸ್ ಅನ್ನುವುದು ಸುಳ್ಳಲ್ಲ, ಆದರೆ ಅಷ್ಟು ಸಾಲದು. ಆ ಮೀನಿನ ಸ್ವಂತ ಹೆಸರು, ಎರಡು ಪದದ್ದು, ಕೇಳಿ. ಮರಿ ಸಣ್ಣದಿದ್ದರೆ ತಲೆ ನೋಡಿಯೂ ನಮಗೆ ತಿಳಿಯುವುದು ಕಷ್ಟ, ಅದಕ್ಕೆ ನಿಮ್ಮ ಹತ್ತಿರದ ಮೀನುಗಾರಿಕೆ ಕಚೇರಿಗೆ ತೋರಿಸಿಯೇ ತೆಗೆದುಕೊಳ್ಳಿ. ಗೊತ್ತಿಲ್ಲದ ಮೀನನ್ನು ಕೆರೆಗೆ, ಬಾವಿಗೆ, ಹಳ್ಳಕ್ಕೆ, ಚರಂಡಿಗೆ ಬಿಡಬೇಡಿ. ಮನೆಯ ಗಾಜಿನ ತೊಟ್ಟಿಯಲ್ಲಿ ಸಾಕಿ ಬೇಸರವಾದ ಮೀನನ್ನೂ ಬಿಡಬೇಡಿ. ಈಗಾಗಲೇ ಬಿಟ್ಟಿದ್ದರೆ ನಾಚಿಕೆಪಟ್ಟು ಮುಚ್ಚಿಡಬೇಡಿ, ನೀರು ಹರಿದುಹೋಗುವ ಮೊದಲು ಹೇಳಿ.

ಇನ್ನೊಂದು ಮಾತು. ನಿಮ್ಮೂರಿನ ಕೆಸರಲ್ಲಿ ದುಂಡು ತಲೆಯ ಆ ಸಣ್ಣ ಮೀಸೆ ಮೀನು ಇನ್ನೂ ಉಳಿದಿದ್ದರೆ ನೀವು ಪುಣ್ಯವಂತರು. ಅದರ ಜಾಗ ಅದಕ್ಕೆ ಬಿಡಿ. ಈ ಊರಿನಲ್ಲಿ ಒಬ್ಬರು ಒಂದು ಬಟ್ಟಲು ತಿಳಿಸಾರು ತಂದುಕೊಡುತ್ತೇನೆ ಅಂದಿದ್ದರು. ಆ ಸಾಲ ಇನ್ನೂ ತೀರಿಲ್ಲ.